ಕಾಯುವ ಕಾಯಕ

ಕನ್ನಡದಲ್ಲಿ ‘ಕಾಯು’ ಎಂಬ ಕ್ರಿಯಾಪದಕ್ಕೆ ಎರಡು ಮುಖ್ಯ ಅರ್ಥಗಳುಂಟು. ಹೊಲ ಕಾಯುವುದು, ದನ ಕಾಯುವುದು, ಗಡಿ ಕಾಯುವುದು ಎನ್ನುವಾಗ ಅದು ರಕ್ಷಣೆಯನ್ನು ಸೂಚಿಸುತ್ತದೆ. ಮಳೆಗೆ ಕಾಯುವುದು, ಬಸ್ಸಿಗೆ ಕಾಯುವುದು ಎನ್ನುವಾಗ ನಿರೀಕ್ಷೆಯನ್ನು ಸೂಚಿಸುತ್ತದೆ. ಈ ಎರಡು ಅರ್ಥಗಳೂ ಒಬ್ಬನೇ ಮನುಷ್ಯನಲ್ಲಿ ಏಕಕಾಲಕ್ಕೆ ಕೂಡಿಬರುವುದನ್ನು ಕಾಣಬೇಕಾದರೆ ಕಾಲ್ಚೆಂಡಾಟದ ಮೈದಾನಕ್ಕೆ ಹೋಗಿ, ಗೋಲಿನ ಮುಂದೆ ಒಂಟಿಯಾಗಿ ನಿಂತಿರುವ ಗೋಲ್‌ಕೀಪರನನ್ನು ಗಮನಿಸಬೇಕು. ಅವನು ಗೋಲನ್ನು ಕಾಯುತ್ತಾನೆ. ಹಾಗೆಯೇ ಚೆಂಡಿಗಾಗಿ ಕಾಯುತ್ತಾನೆ. ಕೆಲವೊಮ್ಮೆ, ಆಡುವ ಅವಕಾಶಕ್ಕಾಗಿಯೇ ವರ್ಷಗಟ್ಟಲೆ ಕಾಯುತ್ತಾನೆ.

ಜಪಾನಿನ ಯೋಶಿಕತ್ಸು ಕವಾಗುಚಿಯವರು ಇಪ್ಪತ್ತೈದು ವರ್ಷಗಳ ಕಾಲ ಈ ಕಾಯಕವನ್ನು ಮಾಡಿದವರು. ಅವರ ಆಟದ ಬದುಕನ್ನು ಅರಿಯುವ ಮೊದಲು ಗೋಲ್‌ಕೀಪರನ ಕೆಲಸ ಎಂಥದೆಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಗೋಲಿನ ಕಂಬಗಳ ನಡುವಿನ ಅಂತರ 7.32 ಮೀಟರು; ಮೇಲಿನ ಅಡ್ಡಪಟ್ಟಿಯ ಎತ್ತರ 2.44 ಮೀಟರು. ಇಷ್ಟು ವಿಶಾಲವಾದ ಬಾಗಿಲನ್ನು ಒಬ್ಬನೇ ಕಾಯಬೇಕು. ಪೆನಾಲ್ಟಿ ಒದೆತದ ಬಿಂದುವು ಗೋಲಿನಿಂದ 11 ಮೀಟರು ದೂರದಲ್ಲಿದೆ. ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಒದ್ದ ಚೆಂಡು ಆ ದೂರವನ್ನು ಕ್ರಮಿಸಲು ಸುಮಾರು 0.4 ಸೆಕೆಂಡು ಸಾಕು. ನಾವು ಒಮ್ಮೆ ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಚೆಂಡು ಬಲೆಯನ್ನು ಸೇರಿರುತ್ತದೆ. ಆದುದರಿಂದ ಚೆಂಡನ್ನು ನೋಡಿ, ದಿಕ್ಕನ್ನು ನಿಶ್ಚಯಿಸಿ, ಆಮೇಲೆ ಹಾರುವೆನೆಂದರೆ ಆಗದು. ಒದೆಯುವವನು ಓಡಿಬರುವ ಬಗೆ, ಅವನ ನಡುವಿನ ತಿರುವು, ಊರಿದ ಪಾದದ ದಿಕ್ಕು ಇವುಗಳಿಂದಲೇ ಚೆಂಡಿನ ದಾರಿಯನ್ನು ಊಹಿಸಬೇಕು.

ಆಟ ನಡೆಯುತ್ತಿರುವಾಗ ಗೋಲ್‌ಕೀಪರನು ಮಾಡಬಹುದಾದ ಇನ್ನೊಂದು ಉಪಾಯವುಂಟು. ಎದುರಾಳಿಯು ಚೆಂಡಿನೊಡನೆ ನುಗ್ಗಿ ಬಂದಾಗ ಅವನು ಗೋಲಿನ ಗೆರೆಯ ಮೇಲೆಯೇ ನಿಲ್ಲದೆ ಮುಂದಕ್ಕೆ ಧಾವಿಸುತ್ತಾನೆ. ಇದರಿಂದೇನು ಲಾಭ? ದೀಪದಿಂದ ದೂರದಲ್ಲಿ ಅಂಗೈ ಹಿಡಿದರೆ ಗೋಡೆಯ ಮೇಲೆ ಬೀಳುವ ನೆರಳು ಚಿಕ್ಕದು. ದೀಪದ ಹತ್ತಿರಕ್ಕೆ ಅಂಗೈಯನ್ನು ತಂದಂತೆಲ್ಲ ನೆರಳು ದೊಡ್ಡದಾಗುತ್ತದೆ. ಗೋಲ್‌ಕೀಪರನ ದೇಹವೂ ಹಾಗೆಯೇ. ಚೆಂಡಿಗೆ ಅವನು ಹತ್ತಿರವಾದಷ್ಟೂ ಗೋಲಿನ ಹೆಚ್ಚು ಭಾಗವನ್ನು ಮರೆಮಾಡುತ್ತಾನೆ. ಆದರೆ ಒಂದು ಹೆಜ್ಜೆ ಹೆಚ್ಚಾದರೆ ಚೆಂಡು ತಲೆಯ ಮೇಲಿಂದ ಹಾರಿಹೋಗುತ್ತದೆ. ಒಂದು ಕ್ಷಣ ತಡವಾದರೆ ಪಕ್ಕದಿಂದ ಜಾರಿಹೋಗುತ್ತದೆ. ಮುಂಪಡೆಯ ಆಟಗಾರನು ಹತ್ತು ಅವಕಾಶಗಳನ್ನು ಕಳೆದುಕೊಂಡು ಹನ್ನೊಂದನೆಯದರಲ್ಲಿ ಗೋಲು ಹೊಡೆದರೆ ಜನ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಗೋಲ್‌ಕೀಪರನು ಹತ್ತು ಹೊಡೆತಗಳನ್ನು ತಡೆದು ಹನ್ನೊಂದನೆಯದನ್ನು ಬಿಟ್ಟರೆ, ಜನರ ನೆನಪಿನಲ್ಲಿ ಉಳಿಯುವುದು ಆ ಹನ್ನೊಂದನೆಯದೇ.

ಇಂಥ ಕಠಿಣವಾದ ಕೆಲಸವನ್ನು ಆರಿಸಿಕೊಂಡ ಕವಾಗುಚಿಯವರು ಹುಟ್ಟಿದ್ದು 1975ರ ಆಗಸ್ಟ್ 15ರಂದು, ಜಪಾನಿನ ಶಿಜುಓಕ ಪ್ರಾಂತದ ಫುಜಿ ನಗರದಲ್ಲಿ. ಫುಜಿ ಪರ್ವತದ ಅಡಿಯಲ್ಲಿ ಹಬ್ಬಿರುವ ಶಿಜುಓಕ ಪ್ರಾಂತವು ಚಹಾ ಬೆಳೆಗೆ ಹೇಗೋ ಹಾಗೆ ಕಾಲ್ಚೆಂಡಾಟಕ್ಕೂ ಹೆಸರುವಾಸಿ. ಅಲ್ಲಿನ ಶಾಲೆಗಳ ನಡುವಿನ ಪೈಪೋಟಿ ತೀವ್ರವಾದುದು. ಬಾಲಕ ಕವಾಗುಚಿಯು ಸೇರಿದ ಶಿಮಿಜು ವಾಣಿಜ್ಯ ಪ್ರೌಢಶಾಲೆಯ ತಂಡವು 1994ರ ಜನವರಿಯಲ್ಲಿ ಅಖಿಲ ಜಪಾನ್ ಪ್ರೌಢಶಾಲಾ ಪಂದ್ಯಾವಳಿಯನ್ನು ಗೆದ್ದುಕೊಂಡಿತು.

ಆ ಕಾಲವು ಜಪಾನಿನ ಕಾಲ್ಚೆಂಡಾಟಕ್ಕೆ ಹೊಸ ಹುಟ್ಟಿನ ಕಾಲ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಪಡೆದಿದ್ದ ಆ ದೇಶವು ಆಮೇಲೆ ಹಲವು ವರ್ಷ ಹಿಂದೆ ಬಿದ್ದಿತ್ತು. 1993ರಲ್ಲಿ ಹತ್ತು ತಂಡಗಳೊಡನೆ ‘ಜೆ ಲೀಗ್’ ಎಂಬ ವೃತ್ತಿಪರ ಪಂದ್ಯಾವಳಿ ಆರಂಭವಾಯಿತು. ಅದರ ಮರುವರ್ಷವೇ ಹದಿನೆಂಟರ ಹರೆಯದ ಕವಾಗುಚಿಯವರು ಯೊಕೊಹಾಮ ಮಾರಿನೋಸ್ ತಂಡವನ್ನು ಸೇರಿದರು. ಆದರೆ ಆ ತಂಡದ ಗೋಲನ್ನು ಕಾಯುತ್ತಿದ್ದವರು ರಾಷ್ಟ್ರೀಯ ತಂಡದ ಅನುಭವಿ ಶಿಗೆತಾತ್ಸು ಮತ್ಸುನಾಗ. ಮೊದಲ ವರ್ಷವಿಡೀ ಕವಾಗುಚಿಯವರಿಗೆ ಲೀಗಿನ ಒಂದು ಪಂದ್ಯವೂ ದೊರೆಯಲಿಲ್ಲ. 1995ರಲ್ಲಿ ಸ್ಥಾನ ತೆರವಾದಾಗ ಅವರು ಸಿದ್ಧರಾಗಿದ್ದರು. ಆ ವರ್ಷ ಮಾರಿನೋಸ್ ತಂಡವು ಜೆ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಕವಾಗುಚಿಯವರು ವರ್ಷದ ಶ್ರೇಷ್ಠ ಹೊಸ ಆಟಗಾರರೆನಿಸಿಕೊಂಡರು.

ಅವರ ಎತ್ತರ ಸುಮಾರು 180 ಸೆಂಟಿಮೀಟರು. ನಮ್ಮ ಕಣ್ಣಿಗೆ ಇದು ಒಳ್ಳೆಯ ಎತ್ತರವೇ. ಆದರೆ ಅಂತರರಾಷ್ಟ್ರೀಯ ಮಟ್ಟದ ಗೋಲ್‌ಕೀಪರರಲ್ಲಿ 190 ಸೆಂಟಿಮೀಟರು ದಾಟಿದವರು ಅನೇಕರು. ದೇಹವು ಕೊಡದಿದ್ದ ಆ ಕೆಲವು ಅಂಗುಲಗಳನ್ನು ಕವಾಗುಚಿಯವರು ಚುರುಕುತನದಿಂದಲೂ ಧೈರ್ಯದಿಂದಲೂ ತುಂಬಿಕೊಂಡರು. ಎದುರಾಳಿಯ ಕಾಲುಗಳ ಮುಂದೆ ಅಳುಕದೆ ಬೀಳುವುದು, ಹತ್ತಿರದಿಂದ ಬಂದ ಹೊಡೆತಕ್ಕೆ ಮಿಂಚಿನಂತೆ ಕೈಯೊಡ್ಡುವುದು ಅವರ ಆಟದ ವಿಶೇಷವಾಯಿತು.

ಈ ಗುಣಗಳನ್ನು ಜಗತ್ತು ಕಂಡದ್ದು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ. ಇಪ್ಪತ್ತೆಂಟು ವರ್ಷಗಳ ಬಳಿಕ ಜಪಾನ್ ತಂಡವು ಒಲಿಂಪಿಕ್ ಕಾಲ್ಚೆಂಡಾಟಕ್ಕೆ ಅರ್ಹತೆ ಪಡೆದಿತ್ತು. ಜುಲೈ 21ರಂದು ಮಯಾಮಿ ನಗರದಲ್ಲಿ ನಡೆದ ಮೊದಲ ಪಂದ್ಯದಲ್ಲಿಯೇ ಎದುರಾದದ್ದು ಬ್ರೆಜಿಲ್. ಬೆಬೆಟೊ, ರಿವಾಲ್ಡೊ, ರಾಬರ್ಟೊ ಕಾರ್ಲೋಸ್, ರೊನಾಲ್ಡೊ ಮೊದಲಾದ ಅತಿರಥರು ಆ ಪಾಳೆಯದಲ್ಲಿದ್ದರು. ಜಪಾನ್ ಗೆಲ್ಲುವುದೆಂದು ಯಾರೂ ಎಣಿಸಿರಲಿಲ್ಲ. ಬ್ರೆಜಿಲ್ ತಂಡವು ಆ ದಿನ ಇಪ್ಪತ್ತೆಂಟು ಬಾರಿ ಗೋಲಿನತ್ತ ಚೆಂಡನ್ನು ಹೊಡೆಯಿತು. ಒಂದೂ ಒಳಗೆ ಹೋಗಲಿಲ್ಲ. ಇಪ್ಪತ್ತರ ಹರೆಯದ ಕವಾಗುಚಿಯವರು ಎಡಕ್ಕೆ ಹಾರಿದರು, ಬಲಕ್ಕೆ ಹಾರಿದರು, ಚೆಂಡನ್ನು ಅಪ್ಪಿಕೊಂಡರು, ಗುದ್ದಿ ಹೊರಗೆ ಕಳುಹಿದರು. ಎಪ್ಪತ್ತೆರಡನೆಯ ನಿಮಿಷದಲ್ಲಿ ಬ್ರೆಜಿಲಿನ ಗೋಲ್‌ಕೀಪರ್ ಡೀಡಾ ಮತ್ತು ರಕ್ಷಣಾ ಆಟಗಾರ ಅಲ್ಡಾಯಿರ್ ಪರಸ್ಪರ ಡಿಕ್ಕಿ ಹೊಡೆದುಕೊಂಡಾಗ, ಒಡೆಯನಿಲ್ಲದೆ ಉಳಿದ ಚೆಂಡನ್ನು ಜಪಾನಿನ ತೆರುಯೋಶಿ ಇತೊ ಗೋಲಿಗೆ ನೂಕಿದರು. ಜಪಾನ್ 1–0 ಅಂತರದಿಂದ ಗೆದ್ದಿತು. ಜಪಾನಿಯರು ಇದನ್ನು ‘ಮಯಾಮಿಯ ಪವಾಡ’ ಎಂದು ಕರೆದರು.

ಆದರೆ ಆ ಪವಾಡವೂ ಜಪಾನನ್ನು ಮುಂದಿನ ಸುತ್ತಿಗೆ ಒಯ್ಯಲಿಲ್ಲ. ನೈಜೀರಿಯಾದ ಎದುರು 0–2ರಿಂದ ಸೋತು, ಹಂಗರಿಯನ್ನು 3–2ರಿಂದ ಗೆದ್ದ ಜಪಾನ್, ಅಂಕಗಳಲ್ಲಿ ಬ್ರೆಜಿಲ್ ಮತ್ತು ನೈಜೀರಿಯಾಗಳಿಗೆ ಸಮನಾಗಿದ್ದರೂ ಗೋಲುಗಳ ಅಂತರದಲ್ಲಿ ಹಿಂದೆ ಬಿದ್ದು ಹೊರನಡೆಯಿತು. ಬಿಟ್ಟುಕೊಟ್ಟ ಒಂದೊಂದು ಗೋಲಿಗೂ ಲೆಕ್ಕವುಂಟು ಎಂಬ ಪಾಠ ಯುವಕ ಗೋಲ್‌ಕೀಪರರಿಗೆ ಅಲ್ಲಿಯೇ ದೊರೆಯಿತು.

ಮುಂದಿನ ವರ್ಷ ಅವರು ರಾಷ್ಟ್ರೀಯ ಹಿರಿಯರ ತಂಡಕ್ಕೆ ಬಂದರು. 1997ರ ನವೆಂಬರ್ 16ರಂದು ಮಲೇಷ್ಯಾದ ಜೊಹೊರ್ ಬಾರುವಿನಲ್ಲಿ, ಹೆಚ್ಚುವರಿ ಅವಧಿಯ ಗೋಲಿನಿಂದ ಇರಾನನ್ನು 3–2ರಿಂದ ಮಣಿಸಿ ಜಪಾನ್ ಮೊಟ್ಟಮೊದಲ ಬಾರಿಗೆ ವಿಶ್ವಕಪ್ ಪ್ರವೇಶಿಸಿತು. 1998ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ಆ ವಿಶ್ವಕಪ್‌ನ ಮೂರು ಪಂದ್ಯಗಳಲ್ಲಿಯೂ ಕವಾಗುಚಿಯವರೇ ಗೋಲನ್ನು ಕಾಯ್ದರು. ಅರ್ಜೆಂಟೀನಾ ಮತ್ತು ಕ್ರೊಯೇಷಿಯಾಗಳ ಎದುರು 0–1, ಜಮೈಕಾದ ಎದುರು 1–2: ಮೂರರಲ್ಲಿಯೂ ಸೋಲೇ. ಆದರೂ ಮೊದಲ ಬಾರಿಗೆ ಬಂದ ತಂಡವು ಬಲಿಷ್ಠರಿಗೆ ಸುಲಭದ ತುತ್ತಾಗಲಿಲ್ಲವೆಂಬುದನ್ನು ಆ ಅಂಕಿಗಳೇ ಹೇಳುತ್ತವೆ. ಆ ಮೂರು ಪಂದ್ಯಗಳಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಇನ್ನೊಬ್ಬ ಗೋಲ್‌ಕೀಪರನನ್ನು ನಾವು ಮರೆಯಬಾರದು. ಅವರ ಹೆಸರು ಸೇಗೊ ನಾರಜಾಕಿ. ವಯಸ್ಸಿನಲ್ಲಿ ಕವಾಗುಚಿಯವರಿಗಿಂತ ಎಂಟು ತಿಂಗಳು ಕಿರಿಯರು.

2000ದ ಅಕ್ಟೋಬರಿನಲ್ಲಿ ಲೆಬನಾನ್ ದೇಶದಲ್ಲಿ ನಡೆದ ಏಷ್ಯಾ ಕಪ್ ಫೈನಲ್‌ನಲ್ಲಿ ಸೌದಿ ಅರೇಬಿಯಾವನ್ನು 1–0ರಿಂದ ಸೋಲಿಸಿದ ತಂಡದ ಗೋಲ್‌ಕೀಪರ್ ಕವಾಗುಚಿಯವರೇ. ಅವರ ಕೀರ್ತಿ ಆಗ ಮಧ್ಯಾಹ್ನದ ಸೂರ್ಯನಂತಿತ್ತು. 2001ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕ್ಲಬ್ಬು ಅವರನ್ನು ಕರೆಸಿಕೊಂಡಿತು. ಜಪಾನಿನ ಗೋಲ್‌ಕೀಪರನೊಬ್ಬನು ಇಂಗ್ಲೆಂಡಿನ ವೃತ್ತಿಪರ ತಂಡಕ್ಕೆ ಆಡಲು ಹೋದದ್ದು ಅದೇ ಮೊದಲು.

ಇಲ್ಲಿಂದ ಕಥೆ ಬೇರೆಯಾಗುತ್ತದೆ. ಇಂಗ್ಲೆಂಡಿನ ಎರಡನೆಯ ಶ್ರೇಣಿಯ ಆಟವು ಬಲದ ಆಟ. ಗೋಲಿನ ಮುಂದೆ ಎತ್ತರವಾಗಿ ತೇಲಿಬಿಡುವ ಚೆಂಡುಗಳು, ಅವುಗಳಿಗಾಗಿ ಮೈಗೆ ಮೈ ತಾಗಿಸಿ ಎಗರುವ ದೈತ್ಯ ಆಟಗಾರರು, ಗುರುತಿಲ್ಲದ ಭಾಷೆ. 2002ರ ಜನವರಿಯಲ್ಲಿ ತಮಗಿಂತ ಕೆಳಗಿನ ಶ್ರೇಣಿಯ ಲೇಟನ್ ಓರಿಯಂಟ್ ತಂಡಕ್ಕೆ ಪೋರ್ಟ್ಸ್‌ಮತ್ ತನ್ನ ಮೈದಾನದಲ್ಲಿಯೇ 1–4ರಿಂದ ಸೋತಿತು. ಆ ಪಂದ್ಯದ ಅನಂತರ ಕವಾಗುಚಿಯವರು ತಮ್ಮ ಸ್ಥಾನವನ್ನು ಕಳೆದುಕೊಂಡರು. ಮುಂದೆ ಅಲ್ಲಿ ಕಳೆದ ದಿನಗಳೆಲ್ಲ ಹೆಚ್ಚುಕಡಿಮೆ ಬೆಂಚಿನ ಮೇಲಿನ ದಿನಗಳೇ.

ಅದೇ 2002ರಲ್ಲಿ ವಿಶ್ವಕಪ್ ಜಪಾನಿಗೇ ಬಂದಿತು. ಜಪಾನ್ ಮತ್ತು ದಕ್ಷಿಣ ಕೊರಿಯಾಗಳು ಜಂಟಿಯಾಗಿ ಅದನ್ನು ನಡೆಸಿದವು. ತಾಯ್ನೆಲದಲ್ಲಿ, ತನ್ನ ಜನರ ಮುಂದೆ ವಿಶ್ವಕಪ್ ಆಡುವ ಭಾಗ್ಯ ಒಬ್ಬ ಆಟಗಾರನ ಬದುಕಿನಲ್ಲಿ ಎರಡು ಬಾರಿ ಬರುವುದು ದುರ್ಲಭ. ಕವಾಗುಚಿಯವರು ತಂಡದಲ್ಲಿದ್ದರು; ಆದರೆ ಜಪಾನ್ ಆಡಿದ ನಾಲ್ಕು ಪಂದ್ಯಗಳಲ್ಲಿಯೂ ಗೋಲನ್ನು ಕಾಯ್ದವರು ನಾರಜಾಕಿ. ಬೆಲ್ಜಿಯಮ್ಮಿನೊಡನೆ ಸಮಬಲ, ರಷ್ಯಾ ಮತ್ತು ಟ್ಯುನೀಷಿಯಾಗಳ ಮೇಲೆ ಜಯ. ವಿಶ್ವಕಪ್‌ನಲ್ಲಿ ಜಪಾನ್ ಪಡೆದ ಮೊದಲ ಗೆಲುವುಗಳನ್ನು ಕವಾಗುಚಿಯವರು ಗೆರೆಯಾಚೆ ಕುಳಿತು ನೋಡಿದರು. ನಾಲ್ಕು ವರ್ಷಗಳ ಹಿಂದೆ ನಾರಜಾಕಿಯವರು ಕುಳಿತಿದ್ದ ಜಾಗದಲ್ಲಿ ಈಗ ಅವರಿದ್ದರು.

ಉಳಿದ ಸ್ಥಾನಗಳ ಆಟಗಾರನು ಒಂದು ಜಾಗ ತಪ್ಪಿದರೆ ಇನ್ನೊಂದು ಜಾಗದಲ್ಲಿ ಆಡಬಹುದು. ಕೊನೆಯ ಹದಿನೈದು ನಿಮಿಷಗಳಿಗಾದರೂ ಬದಲಿಯಾಗಿ ಒಳಬರಬಹುದು. ಗೋಲ್‌ಕೀಪರನಿಗೆ ಅಂಥ ದಾರಿಯಿಲ್ಲ. ತಂಡಕ್ಕೆ ಒಂದೇ ಗೋಲು, ಅದಕ್ಕೊಬ್ಬನೇ ಕಾವಲುಗಾರ. ಮೊದಲನೆಯವನಿಗೆ ಪೆಟ್ಟಾಗದ ಹೊರತು, ಇಲ್ಲವೆ ಅವನು ಎಡವದ ಹೊರತು ಎರಡನೆಯವನಿಗೆ ಅವಕಾಶವಿಲ್ಲ. ಆದರೂ ಎರಡನೆಯವನು ದಿನವೂ ಮೊದಲನೆಯವನಷ್ಟೇ ಅಭ್ಯಾಸ ಮಾಡಬೇಕು. ಅಷ್ಟೇ ಅಲ್ಲ, ಪಂದ್ಯಕ್ಕೆ ಮುಂಚೆ ಮೊದಲನೆಯವನಿಗೆ ಚೆಂಡು ಎಸೆದುಕೊಟ್ಟು ಅವನನ್ನು ಅಣಿಗೊಳಿಸುವವನೂ ಹಲವೊಮ್ಮೆ ಇವನೇ. ತನ್ನ ಸ್ಥಾನದಲ್ಲಿರುವವನನ್ನು ತಾನೇ ಗಟ್ಟಿಗೊಳಿಸಬೇಕಾದ ಈ ಸ್ಥಿತಿಯಲ್ಲಿ ಮನಸ್ಸನ್ನು ಕಹಿಮಾಡಿಕೊಳ್ಳದೆ ಇರುವುದು, ಪೆನಾಲ್ಟಿಯನ್ನು ತಡೆಯುವುದಕ್ಕಿಂತ ಸುಲಭವೇನಲ್ಲ.

2003ರಲ್ಲಿ ಕವಾಗುಚಿಯವರು ಇಂಗ್ಲೆಂಡನ್ನು ಬಿಟ್ಟು ಡೆನ್ಮಾರ್ಕಿನ ನೋರ್ಡ್‌ಶೆಲೆಂಡ್ ಕ್ಲಬ್ಬಿಗೆ ಹೋದರು. ಅಲ್ಲಿಯೂ ಅವರಿಗೆ ದೊರೆತ ಪಂದ್ಯಗಳು ಕೆಲವೇ. ಹೀಗೆ ಕ್ಲಬ್ಬಿನಲ್ಲಿ ನೆಲೆ ಸಿಗದೆ ಇದ್ದ ಕಾಲದಲ್ಲಿಯೇ, 2004ರಲ್ಲಿ ಚೀನಾದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಜಪಾನಿನ ಗೋಲು ಮತ್ತೆ ಅವರ ಪಾಲಿಗೆ ಬಂದಿತು. ಜುಲೈ 31ರಂದು ಚೊಂಗ್‌ಚಿಂಗ್ ನಗರದಲ್ಲಿ ಜೋರ್ಡಾನ್ ವಿರುದ್ಧದ ಕ್ವಾರ್ಟರ್ ಫೈನಲ್ 1–1ರಲ್ಲಿ ನಿಂತು, ಪೆನಾಲ್ಟಿ ಒದೆತಗಳಿಂದ ತೀರ್ಮಾನವಾಗಬೇಕಾಯಿತು. ಜಪಾನಿನ ಮೊದಲ ಇಬ್ಬರೂ ಸಡಿಲವಾಗಿದ್ದ ಹುಲ್ಲಿನ ಮೇಲೆ ಕಾಲು ಜಾರಿ ಚೆಂಡನ್ನು ಗೋಲಿನ ಹೊರಗೆ ಒದ್ದರು. ಆಗ ನಾಯಕ ತ್ಸುನೆಯಾಸು ಮಿಯಾಮೊತೊ ತೀರ್ಪುಗಾರರ ಬಳಿಗೆ ಹೋಗಿ, ನೆಲದ ದೋಷವನ್ನು ವಿನಯದಿಂದ ವಿವರಿಸಿ, ಇನ್ನೊಂದು ತುದಿಯ ಗೋಲಿಗೆ ಒದೆತಗಳನ್ನು ಬದಲಾಯಿಸುವಂತೆ ಒಪ್ಪಿಸಿದರು. ಆದರೂ ಜಪಾನ್ ಸೋಲಿನ ಅಂಚಿನಲ್ಲಿಯೇ ಇತ್ತು. ಇನ್ನೊಂದು ಗೋಲು ಬಿಟ್ಟುಕೊಟ್ಟರೆ ಎಲ್ಲವೂ ಮುಗಿದಂತೆ ಎಂಬ ಸ್ಥಿತಿ. ಆ ಅಂಚಿನಲ್ಲಿ ಕವಾಗುಚಿಯವರು ಬಂಡೆಯಂತೆ ನಿಂತರು. ಜೋರ್ಡಾನಿನ ಒದೆತಗಳು ಒಂದಾದಮೇಲೊಂದು ವಿಫಲವಾದವು. ಜಪಾನ್ 4–3ರಿಂದ ಗೆದ್ದಿತು. ಆಗಸ್ಟ್ 7ರಂದು ಬೀಜಿಂಗಿನಲ್ಲಿ ಚೀನಾವನ್ನು 3–1ರಿಂದ ಸೋಲಿಸಿ ಕಪ್ಪನ್ನೂ ಗೆದ್ದಿತು. ಬೆಂಚಿನ ಮೇಲೆ ಕುಳಿತಿದ್ದ ವರ್ಷಗಳಲ್ಲಿ ಅವರ ಕೈಗಳು ತುಕ್ಕು ಹಿಡಿದಿರಲಿಲ್ಲ.

2005ರಲ್ಲಿ ಅವರು ತಮ್ಮ ಹುಟ್ಟಿದ ಪ್ರಾಂತವಾದ ಶಿಜುಓಕಕ್ಕೇ ಮರಳಿ ಜುಬಿಲೋ ಇವಾತ ತಂಡವನ್ನು ಸೇರಿದರು. 2006ರ ಜರ್ಮನಿಯ ವಿಶ್ವಕಪ್‌ನಲ್ಲಿ ಮೂರು ಪಂದ್ಯಗಳನ್ನೂ ಆಡಿದರು. ಕ್ರೊಯೇಷಿಯಾ ವಿರುದ್ಧ ದಾರಿಯೊ ಸ್ರ್ನಾ ಒದ್ದ ಪೆನಾಲ್ಟಿಯನ್ನು ಅವರು ತಡೆದುದರಿಂದಲೇ ಆ ಪಂದ್ಯ 0–0ರಲ್ಲಿ ಮುಗಿಯಿತು. ಆದರೆ ಆಸ್ಟ್ರೇಲಿಯಾಕ್ಕೆ 1–3, ಬ್ರೆಜಿಲಿಗೆ 1–4ರಿಂದ ಸೋತ ಜಪಾನ್ ಮನೆಗೆ ಮರಳಿತು. ಮರುವರ್ಷ ಏಷ್ಯಾ ಕಪ್‌ನಲ್ಲಿ ಅವರೇ ತಂಡದ ನಾಯಕರು. ವಿಯೆಟ್ನಾಮಿನ ಹನೋಯ್ ನಗರದಲ್ಲಿ ಆಸ್ಟ್ರೇಲಿಯಾದ ಮೊದಲ ಎರಡು ಪೆನಾಲ್ಟಿ ಒದೆತಗಳನ್ನೂ ತಡೆದು ತಂಡವನ್ನು ಸೆಮಿಫೈನಲ್‌ಗೆ ತಲಪಿಸಿದರು.

ಕಾಲ ನಿಲ್ಲುವುದಿಲ್ಲ. ರಾಷ್ಟ್ರೀಯ ತಂಡದಲ್ಲಿ ನಾರಜಾಕಿಯವರು ಮತ್ತೆ ಮುಂದೆ ಬಂದರು. 2009ರ ಸೆಪ್ಟೆಂಬರಿನಲ್ಲಿ ಲೀಗ್ ಪಂದ್ಯವೊಂದರಲ್ಲಿ ಕವಾಗುಚಿಯವರ ಬಲಗಾಲಿನ ಮೂಳೆ ಮುರಿಯಿತು. ಮೂವತ್ತನಾಲ್ಕು ವಯಸ್ಸಿನ ಗೋಲ್‌ಕೀಪರನ ಕಾಲು ಮುರಿದರೆ ಅವನ ಆಟ ಮುಗಿಯಿತೆಂದೇ ಜನ ಭಾವಿಸುತ್ತಾರೆ. ಆದರೆ 2010ರಲ್ಲಿ ದಕ್ಷಿಣ ಆಫ್ರಿಕಾದ ವಿಶ್ವಕಪ್‌ಗೆ ತರಬೇತುದಾರ ತಾಕೆಶಿ ಒಕಾದ ಅವರು ತಂಡವನ್ನು ಪ್ರಕಟಿಸಿದಾಗ, ಮೂರನೆಯ ಗೋಲ್‌ಕೀಪರಾಗಿ ಕವಾಗುಚಿಯವರ ಹೆಸರಿತ್ತು. ತಂಡದ ಬಳಗಕ್ಕೆ ಅವರನ್ನೇ ನಾಯಕರನ್ನಾಗಿಯೂ ಒಕಾದ ನೇಮಿಸಿದರು.

ಇದು ಯೋಚಿಸತಕ್ಕ ಸಂಗತಿ. ಮೂರನೆಯ ಗೋಲ್‌ಕೀಪರನು ಮೈದಾನಕ್ಕೆ ಇಳಿಯುವ ಸಂಭವವೇ ಇಲ್ಲವೆನ್ನಬಹುದು. ಹಾಗಿದ್ದರೂ ಅವರನ್ನು ಏಕೆ ಆರಿಸಬೇಕು? ಆ ತಂಡವು ವಿಶ್ವಕಪ್‌ಗೆ ಮುಂಚೆ ನಾಲ್ಕು ಪಂದ್ಯಗಳನ್ನು ಸಾಲಾಗಿ ಸೋತು ಎದೆಗುಂದಿತ್ತು. ಪಂದ್ಯಾವಳಿಗೆ ಸ್ವಲ್ಪವೇ ಮುಂಚೆ ನಾರಜಾಕಿಯವರ ಸ್ಥಾನವೂ ತಪ್ಪಿ, ಏಜಿ ಕವಾಶಿಮ ಎಂಬ ಕಿರಿಯರಿಗೆ ಗೋಲಿನ ಹೊಣೆ ಬಂದಿತ್ತು. ಆಡುವ ಹನ್ನೊಂದು ಮಂದಿಯ ಆತಂಕವನ್ನೂ ಆಡದೆ ಕುಳಿತವರ ನೋವನ್ನೂ ಬಲ್ಲವನೊಬ್ಬನು ಅಲ್ಲಿ ಬೇಕಾಗಿತ್ತು. 1998 ಮತ್ತು 2006ರಲ್ಲಿ ಆಡಿ, 2002ರಲ್ಲಿ ಕುಳಿತಿದ್ದ ಕವಾಗುಚಿಯವರು ಎರಡನ್ನೂ ಬಲ್ಲವರು. ಸ್ವಿಟ್ಜರ್ಲೆಂಡಿನ ಶಿಬಿರದಲ್ಲಿ ಆಟಗಾರರೆಲ್ಲ ಕೂಡಿ ಮನಸ್ಸು ಬಿಚ್ಚಿ ಮಾತಾಡುವಂತೆ ಸಭೆ ಸೇರಿಸುವುದರಲ್ಲಿ ಅವರು ಮುಂದಾದರು. ಆ ತಂಡವು ಕ್ಯಾಮರೂನ್ ಮತ್ತು ಡೆನ್ಮಾರ್ಕ್‌ಗಳನ್ನು ಸೋಲಿಸಿ ಕೊನೆಯ ಹದಿನಾರರ ಸುತ್ತನ್ನು ತಲಪಿತು. ಅಲ್ಲಿ ಪರಾಗ್ವೆಗೆ ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಬಳಗದ ನಾಯಕರು ಒಂದು ನಿಮಿಷವೂ ಆಡಲಿಲ್ಲ. 1998ರಿಂದಲೂ ಒಬ್ಬರು ಆಡಿದಾಗ ಇನ್ನೊಬ್ಬರು ಕುಳಿತಿರುತ್ತಿದ್ದ ಕವಾಗುಚಿ ಮತ್ತು ನಾರಜಾಕಿಯವರು ಈ ಬಾರಿ ಒಂದೇ ಬೆಂಚಿನಲ್ಲಿ ಕುಳಿತು, ಮೂರನೆಯವರೊಬ್ಬರ ಯಶಸ್ಸಿಗಾಗಿ ಕಾದರು.

ನಾಲ್ಕು ವಿಶ್ವಕಪ್‌ಗಳ ತಂಡದಲ್ಲಿದ್ದು, ದೇಶದ ಪರವಾಗಿ 116 ಪಂದ್ಯಗಳನ್ನಾಡಿದವರು ಆಗಲೇ ನಿವೃತ್ತರಾಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕವಾಗುಚಿಯವರು ಆಟವನ್ನು ಬಿಡಲಿಲ್ಲ. 2014ರಲ್ಲಿ ಎರಡನೆಯ ಶ್ರೇಣಿಯ ಗಿಫು ತಂಡಕ್ಕೂ 2016ರಲ್ಲಿ ಮೂರನೆಯ ಶ್ರೇಣಿಯ ಸಾಗಾಮಿಹಾರ ತಂಡಕ್ಕೂ ಹೋದರು. ದೊಡ್ಡ ಕ್ರೀಡಾಂಗಣಗಳು, ಲಕ್ಷಾಂತರ ಕಣ್ಣುಗಳು ಹಿಂದೆ ಉಳಿದವು. ಆದರೆ ಗೋಲಿನ ಅಗಲ ಅಲ್ಲಿಯೂ 7.32 ಮೀಟರೇ. 2018ರ ಡಿಸೆಂಬರ್ 2ರಂದು, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ, ಕಾಗೊಶಿಮ ತಂಡದ ವಿರುದ್ಧ ಅವರು ಕೊನೆಯ ಪಂದ್ಯವನ್ನಾಡಿದರು. ಸಾಗಾಮಿಹಾರ 1–0ರಿಂದ ಗೆದ್ದಿತು. ಮಯಾಮಿಯಲ್ಲಿ ಬ್ರೆಜಿಲಿನ ಎದುರು ದೊರೆತ ಅಂಕಿಯೇ ಇಪ್ಪತ್ತೆರಡು ವರ್ಷಗಳ ಬಳಿಕ, ಜಗತ್ತು ಗಮನಿಸದ ಒಂದು ಪಂದ್ಯದಲ್ಲಿ ಮತ್ತೆ ದೊರೆಯಿತು. ನಾರಜಾಕಿಯವರೂ ಅದೇ ಋತುವಿನ ಕೊನೆಗೆ ಆಟದಿಂದ ನಿವೃತ್ತರಾದರು. ಆಮೇಲೆ ಕವಾಗುಚಿಯವರು ಕಿರಿಯ ಗೋಲ್‌ಕೀಪರರಿಗೆ ಶಿಕ್ಷಣ ಕೊಡುವ ಕೆಲಸವನ್ನು ಕೈಗೊಂಡರು.

ವಿದ್ಯಾರ್ಥಿಗಳೇ, ಈ ಆಟಗಾರರ ಬದುಕಿನಲ್ಲಿ ಗೆಲುವುಗಳಿವೆ, ಸೋಲುಗಳೂ ಇವೆ. ಆದರೆ ಅವೆರಡಕ್ಕಿಂತ ಹೆಚ್ಚಾಗಿ ಇರುವುದು ಕಾಯುವಿಕೆ. ಕಾಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ರೈತನು ಮಳೆಗೆ ಕಾಯುವಾಗ ನೇಗಿಲನ್ನು ಸರಿಪಡಿಸಿ, ಬೀಜವನ್ನು ಹಸನುಮಾಡಿ, ಹೊಲದ ಬದುವನ್ನು ಕಟ್ಟಿಕೊಂಡಿರುತ್ತಾನೆ. ಮಳೆ ಎಂದು ಬರುವುದೋ ಅವನ ಕೈಯಲ್ಲಿಲ್ಲ. ಬಂದ ದಿನ ಬಿತ್ತುವುದಕ್ಕೆ ಅಣಿಯಾಗಿರುವುದು ಅವನ ಕೈಯಲ್ಲಿದೆ. ನಿಮ್ಮಲ್ಲಿಯೂ ಶಾಲೆಯ ತಂಡಕ್ಕೆ ಆಯ್ಕೆಯಾಗದೆ ಗೆರೆಯಾಚೆ ನಿಂತವರಿರಬಹುದು. ನಾಟಕದಲ್ಲಿ ಪಾತ್ರ ದೊರೆಯದೆ ಪರದೆಯ ಹಗ್ಗ ಹಿಡಿದವರಿರಬಹುದು. ಮುಂದೆ ನೀವು ಕಾಲ್ಚೆಂಡಾಟವನ್ನು ನೋಡುವಾಗ ಗೋಲು ಹೊಡೆದವನಿಗೆ ಚಪ್ಪಾಳೆ ತಟ್ಟಿರಿ. ಹಾಗೆಯೇ ಗೋಲಿನಲ್ಲಿ ಒಂಟಿಯಾಗಿ ನಿಂತವನನ್ನೂ, ಬೆಂಚಿನ ಮೇಲೆ ಕೈಗವಸು ತೊಟ್ಟು ಸಿದ್ಧನಾಗಿ ಕುಳಿತಿರುವ ಇನ್ನೊಬ್ಬನನ್ನೂ ಒಮ್ಮೆ ನೋಡಿರಿ. ಅವರಿಬ್ಬರೂ ಕಾಯುತ್ತಿದ್ದಾರೆ.